52ರಲ್ಲಿ 38 ಹೋದರೆ 26?

52ರಲ್ಲಿ 38 ಕಳೆಯಲು ಹೇಳಿದಾಗ ಒಬ್ಬಳು 26 ಎಂದು ಬರೆಯುತ್ತಾಳೆ, ಪಕ್ಕದವನು 24 ಎಂದು. ಸರಿಯುತ್ತರ 14. ಇಬ್ಬರಿಗೂ ಬೀಳುವುದು ಅದೇ ಕೆಂಪು ಗೀಟು. ಆದರೆ ಅವಳು ಬಿಡಿ ಸ್ಥಾನದಲ್ಲಿ 2ರಿಂದ 8 ಹೋಗುವುದಿಲ್ಲವೆಂದು 8ರಿಂದಲೇ 2 ಕಳೆದಿದ್ದಾಳೆ. ಅವನು ದಶಕವನ್ನೇನೋ ತಂದಿದ್ದಾನೆ, ಹತ್ತರ ಸ್ಥಾನದ 5 ಈಗ 4 ಆಯಿತೆಂಬುದನ್ನು ಮರೆತಿದ್ದಾನೆ. ಅವಳಿಗೆ ಸ್ಥಾನಬೆಲೆಯಿಂದಲೇ ಮತ್ತೆ ಹೇಳಿಕೊಡಬೇಕು. ಅವನಿಗೆ ಒಂದು ಮಾತು ನೆನಪಿಸಿದರೂ ಸಾಕಾದೀತು.

ಇಂಥ ತಪ್ಪುಗಳ ಹಿಂದೆಯೂ ಒಂದು ನಿಯಮವಿರುತ್ತದೆ ಎಂಬುದನ್ನು ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಕಂಪ್ಯೂಟರ್ ಮೂಲಕ ತೋರಿಸಿದ್ದರು. ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುವ ಇಂದಿನ ಗಣಿತ ತಂತ್ರಾಂಶಗಳ ಜೀವಾಳ ಇದೇ ಎಂದು ನನಗನ್ನಿಸುತ್ತದೆ. ಬಣ್ಣದ ಚಿತ್ರ, ಚಪ್ಪಾಳೆಯ ಸದ್ದುಗಳೆಲ್ಲ ಆಮೇಲಿನ ಮಾತು.

ಉತ್ತರ ಸರಿಯಾದ ಮಾತ್ರಕ್ಕೆ ಕಲಿತಂತಾಯಿತೇ? ಊಹೆಯೂ ಸರಿಹೋಗಬಹುದು, ಬಲ್ಲವರ ಕೈಯೂ ಜಾರಬಹುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಾರ್ಬೆಟ್ ಮತ್ತು ಆಂಡರ್ಸನ್ 1990ರ ದಶಕದಲ್ಲಿ ರೂಪಿಸಿದ ವಿಧಾನ ಈ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಪ್ರತಿ ಉತ್ತರದ ನಂತರವೂ ಮಗುವಿಗೆ ಆ ಕೌಶಲ ಬಂದಿರುವ ಸಂಭವನೀಯತೆಯನ್ನು ತಿದ್ದುತ್ತ ಹೋಗುತ್ತದೆ, ಅದು 0.95 ತಲುಪಿದರೆ ಮುಂದಿನ ಪಾಠ. ಅಲ್ಲಿಯವರೆಗೆ ಇನ್ನಷ್ಟು ಅಭ್ಯಾಸ.

ದೆಹಲಿಯ ಅನುಭವ ಕೇಳಿ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರನೆಯ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಅಂಥವರಿಗೆ ಆರನೆಯ ತರಗತಿಯ ಪಾಠವನ್ನೇ ಮತ್ತೆ ಮತ್ತೆ ಹೇಳಿದರೆ ತಲೆಗೆ ಹತ್ತುವುದಾದರೂ ಹೇಗೆ? ಸುಮಾರು 600 ಮಕ್ಕಳಲ್ಲಿ ಲಾಟರಿ ಎತ್ತಿ ಅರ್ಧದಷ್ಟು ಮಂದಿಗೆ ಶಾಲೆಯ ಹೊತ್ತಿನಾಚೆ 'ಮೈಂಡ್‌ಸ್ಪಾರ್ಕ್' ಎಂಬ ಇಂಥದೇ ತಂತ್ರಾಂಶದ ಕೇಂದ್ರಗಳಲ್ಲಿ ಅವಕಾಶ ಕೊಟ್ಟರು. ದಿನಕ್ಕೆ 45 ನಿಮಿಷ ತಂತ್ರಾಂಶ, 45 ನಿಮಿಷ ಸಣ್ಣ ಗುಂಪಿನಲ್ಲಿ ಬೋಧಕರೊಂದಿಗೆ ಪಾಠ. ಯಂತ್ರವೊಂದೇ ಅಲ್ಲ, ಪಕ್ಕದಲ್ಲೊಬ್ಬ ಮನುಷ್ಯರೂ ಇದ್ದರು. ಫಲಿತಾಂಶ ಓದುವಾಗ ಇದನ್ನು ಮರೆಯಬಾರದು.

ನಾಲ್ಕೂವರೆ ತಿಂಗಳಲ್ಲಿ, ಸಂಶೋಧಕರೇ ನಡೆಸಿದ ಪರೀಕ್ಷೆಯಲ್ಲಿ, ಲಾಟರಿ ಬಂದವರ ಗಣಿತದ ಅಂಕ ಉಳಿದವರಿಗಿಂತ 0.37 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಇದು) ಮೇಲಕ್ಕೇರಿತು. ಶಿಕ್ಷಣದ ಪ್ರಯೋಗಗಳಲ್ಲಿ ಇದು ದೊಡ್ಡ ಏರಿಕೆ. ಹಾಗಿದ್ದರೂ ಶಾಲೆಯ ಗಣಿತ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ತಾವು ನಿಂತಿದ್ದ ಮೆಟ್ಟಿಲಿನಿಂದ ನಿಜಕ್ಕೂ ಮೇಲೆ ಬಂದಿದ್ದರು. ಶಾಲೆಯ ಪ್ರಶ್ನೆಪತ್ರಿಕೆ ಕೇಳುತ್ತಿದ್ದುದು ಮಾತ್ರ ಆಯಾ ತರಗತಿಯ ಪಾಠವನ್ನು.