ಕಾರ್ಬಾಲಿಕ್ ಆಸಿಡ್ ಸೋಡಾ ಜೊತೆ ಯಾಕೆ ನೊರೆ ಎಬ್ಬಿಸುವುದಿಲ್ಲ?

ಫಿನಾಲ್‌ನ ಹಳೇ ಹೆಸರು ಕಾರ್ಬಾಲಿಕ್ ಆಸಿಡ್. 1865ರಲ್ಲಿ ಗ್ಲಾಸ್ಗೋದ ಸರ್ಜನ್ ಜೋಸೆಫ್ ಲಿಸ್ಟರ್ ಗಾಯ ಕೊಳೆಯದಂತೆ ತಡೆಯಲು ಬಳಸಿದ್ದು ಇದನ್ನೇ. ಹೆಸರಲ್ಲೇ ಆಸಿಡ್ ಇದೆ, ನೀಲಿ ಲಿಟ್ಮಸ್ಸನ್ನು ಕೆಂಪು ಮಾಡುತ್ತದೆ. ಆದರೂ ಅಡುಗೆ ಸೋಡಾ ಕರಗಿಸಿದ ನೀರಿಗೆ ಫಿನಾಲ್ ಹಾಕಿದರೆ ಒಂದು ಗುಳ್ಳೆಯೂ ಏಳುವುದಿಲ್ಲ. ಅದೇ ನೀರಿಗೆ ನಾಲ್ಕು ಹನಿ ವಿನೆಗರ್ ಬಿಟ್ಟರೆ ಭುಸ್ ಅಂತ ಉಕ್ಕುತ್ತದೆ. ಯಾಕೆ?

ದ್ವಿತೀಯ ಪಿಯುಸಿ ಮಕ್ಕಳನ್ನು ಕೇಳಿದರೆ ಥಟ್ಟಂತ ಹೇಳುತ್ತಾರೆ: "ಫಿನಾಲ್ ಸೋಡಿಯಂ ಬೈಕಾರ್ಬೊನೇಟ್ ಜೊತೆ ರಿಯಾಕ್ಟ್ ಆಗಲ್ಲ ಸರ್." ಪ್ರಶ್ನೆಯಲ್ಲಿ ಇದ್ದದ್ದನ್ನೇ ತಿರುಗಿಸಿ ಹೇಳಿದಂತಾಯಿತು, ಅಲ್ವಾ? ಮತ್ತೆ ಯಾಕೆ ಅಂತ ಕೇಳಿದರೆ, "ಆರ್ಗ್ಯಾನಿಕ್ ಕೆಮಿಸ್ಟ್ರಿ ಅಲ್ವಾ ಸರ್, ಬಾಯಿಪಾಠ ಮಾಡ್ಬೇಕು" ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ತಪ್ಪು ಮಕ್ಕಳದ್ದಲ್ಲ. ಆಮ್ಲದ ಬಲವನ್ನು ಅಂಕಿಯಲ್ಲಿ ಅಳೆಯುವುದನ್ನು ಪ್ರಥಮ ಪಿಯುಸಿಯ ಸಮತೋಲನದ ಪಾಠದಲ್ಲಿ ಕಲಿಸುತ್ತೇವೆ. ಫಿನಾಲ್ ಬರುವುದು ದ್ವಿತೀಯ ಪಿಯುಸಿಯಲ್ಲಿ. ನಡುವೆ ಒಂದು ವರ್ಷ ಕಳೆದಿರುತ್ತದೆ, ನೋಟ್‌ಬುಕ್ ಬದಲಾಗಿರುತ್ತದೆ, ಎಷ್ಟೋ ಕಡೆ ಪಾಠ ಮಾಡುವವರೂ ಬೇರೆ. ಬೀಗ ಒಂದು ಕಡೆ, ಕೀಲಿ ಇನ್ನೊಂದು ಕಡೆ ಉಳಿದುಬಿಡುತ್ತದೆ.

ಪರೀಕ್ಷೆಗೆ ರಿವಿಜನ್ ಮಾಡುವವರಿಗೆ ನಾನು ಹೇಳಬೇಕಾದ್ದು ಒಂದೇ. ಆರ್ಗ್ಯಾನಿಕ್ ಪುಸ್ತಕ ತೆಗೆಯುವ ಮೊದಲು ಆ ಹಳೇ ಸಮತೋಲನದ ಪಾಠ ತೆಗೆಯಿರಿ. ಅದರಲ್ಲಿ ಪಿಕೆಎ ಅನ್ನುವ ಒಂದು ಅಂಕಿ ಇದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಆರ್ಗ್ಯಾನಿಕ್ ಒಳಗೆ ಹೋಗಿ.

ಆರ್ಗ್ಯಾನಿಕ್ ಬೇರೆಯದೇ ಲೋಕ ಅನ್ನುವ ನಂಬಿಕೆ ನಿನ್ನೆ ಮೊನ್ನೆಯದಲ್ಲ. ಜೀವಿಗಳಲ್ಲಿ ಸಿಗುವ ವಸ್ತುಗಳನ್ನು ಮಾಡಲು ಏನೋ ಒಂದು ಜೀವಶಕ್ತಿ ಬೇಕೇ ಬೇಕು ಅಂತ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೀಡ್ರಿಶ್ ವೋಲರ್ ಅಮೋನಿಯಂ ಸಯನೇಟ್ ತಯಾರಿಸಲು ಹೋದರು. ಸಿಕ್ಕಿದ್ದು ಮೂತ್ರದಲ್ಲಿರುವ ಯೂರಿಯಾ. ಮನುಷ್ಯನದ್ದಾಗಲಿ ನಾಯಿಯದ್ದಾಗಲಿ, ಮೂತ್ರಪಿಂಡದ ಹಂಗಿಲ್ಲದೆ ಯೂರಿಯಾ ಮಾಡಬಲ್ಲೆ ಅಂತ ಅವರು ತಮ್ಮ ಗುರು ಬರ್ಜೀಲಿಯಸ್‌ಗೆ ಪತ್ರ ಬರೆದರು. ಆ ಒಂದೇ ದಿನಕ್ಕೆ ಜೀವಶಕ್ತಿಯ ಕಥೆ ಮುಗಿಯಿತು ಅಂತ ಪುಸ್ತಕಗಳು ಬರೆಯುತ್ತವೆ. ಅಷ್ಟು ಸುಲಭವಾಗಿ ಮುಗಿಯಲಿಲ್ಲ. 1845ರ ಹೊತ್ತಿಗೆ ಜರ್ಮನಿಯವರೇ ಆದ ಕೋಲ್ಬೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೂ ಮಾಡಿ ತೋರಿಸಿದರು, ಇನ್ನಷ್ಟು ಜನ ಇನ್ನಷ್ಟು ಮಾಡಿದರು, ನಂಬಿಕೆ ನಿಧಾನಕ್ಕೆ ಸವೆಯಿತು. ಹೀಗೆ ಕಷ್ಟಪಟ್ಟು ಬೀಳಿಸಿದ ಗೋಡೆಯನ್ನು ನಾವು ನೋಟ್‌ಬುಕ್‌ಗಳ ನಡುವೆ ಮತ್ತೆ ಕಟ್ಟುತ್ತಿದ್ದೇವೆ.

ಈಗ ಆ ಅಂಕಿಯ ವಿಷಯ. 1923ರಲ್ಲಿ ಕೋಪನ್‌ಹೇಗನ್‌ನ ಬ್ರಾನ್‌ಸ್ಟೆಡ್, ಕೇಂಬ್ರಿಜ್‌ನ ಲೌರಿ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು. ಪ್ರೋಟಾನ್ (ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್) ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಎಷ್ಟು ಸುಲಭವಾಗಿ ಕೊಡುತ್ತದೆ ಅನ್ನುವುದರ ಅಳತೆ ಪಿಕೆಎ. ಅಂಕಿ ಚಿಕ್ಕದಾದಷ್ಟೂ ಆಮ್ಲ ಜೋರು. ಒಂದು ಅಂಕಿ ವ್ಯತ್ಯಾಸ ಅಂದರೆ ಹತ್ತು ಪಟ್ಟು. ಇಷ್ಟು ನೆನಪಿಡಿ ಸಾಕು: ಬೆಂಜೋಯಿಕ್ ಆಮ್ಲ 4.2, ಅಸಿಟಿಕ್ ಆಮ್ಲ 4.76, ಕಾರ್ಬಾನಿಕ್ ಆಮ್ಲ 6.35, ಫಿನಾಲ್ 10, ನೀರು 14, ಎಥನಾಲ್ ಸುಮಾರು 16. ತುಂಬ ಕೆಳಗೆ ಎಚ್‌ಸಿಎಲ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ಸುಮಾರು ಮೈನಸ್ 7. ತುಂಬ ಮೇಲೆ ಮೀಥೇನ್, 50ರ ಆಸುಪಾಸು.

ಸೋಡಾ ನೊರೆ ಎಬ್ಬಿಸಬೇಕಾದರೆ ಅದರಲ್ಲಿರುವ ಬೈಕಾರ್ಬೊನೇಟ್ ಒಂದು ಪ್ರೋಟಾನ್ ಪಡೆದು ಕಾರ್ಬಾನಿಕ್ ಆಮ್ಲ ಆಗಬೇಕು. ಅದು ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಹಾಕುವ ಆಮ್ಲ ಕಾರ್ಬಾನಿಕ್ ಆಮ್ಲಕ್ಕಿಂತ ಜೋರಾಗಿರಬೇಕು. ಅಸಿಟಿಕ್ ಆಮ್ಲಕ್ಕೆ 6.35ರಲ್ಲಿ 4.76 ಕಳೆಯಿರಿ, 1.59 ಉಳಿಯುತ್ತದೆ. ಹತ್ತರ ಘಾತ 1.59 ಅಂದರೆ ಸುಮಾರು 39. ಸಮತೋಲನ ಮುಂದಕ್ಕೇ ವಾಲಿದೆ. ಜೊತೆಗೆ ಅನಿಲ ಹಾರಿಹೋಗುತ್ತಿರುವುದರಿಂದ ಇನ್ನೂ ಮುಂದಕ್ಕೆ ಎಳೆಯುತ್ತದೆ. ಫಿನಾಲ್‌ಗೆ ಅದೇ ಲೆಕ್ಕ ಮಾಡಿದರೆ ಮೈನಸ್ 3.65. ಅಂದರೆ ಸುಮಾರು ನಾಲ್ಕೂವರೆ ಸಾವಿರದಲ್ಲಿ ಒಂದು ಪಾಲು. ಗುಳ್ಳೆ ಎಲ್ಲಿಂದ ಬರಬೇಕು? ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಮಾತ್ರ ಬೇರೆ: ಹೈಡ್ರಾಕ್ಸೈಡ್ ಪ್ರೋಟಾನ್ ಪಡೆದರೆ ಆಗುವುದು ನೀರು, ಹಾಗಾಗಿ 14ರಲ್ಲಿ 10 ಕಳೆದರೆ 4, ಅಂದರೆ ಹತ್ತು ಸಾವಿರ. ಫಿನಾಲ್ ಸಲೀಸಾಗಿ ಪ್ರೋಟಾನ್ ಬಿಟ್ಟುಕೊಡುತ್ತದೆ.

ಇದನ್ನು ಲ್ಯಾಬ್‌ನಲ್ಲಿ ಕಣ್ಣಾರೆ ನೋಡಬೇಕು. ಬೆಂಜೋಯಿಕ್ ಆಮ್ಲದ ಬಿಳಿ ಚೂರುಗಳು ತಣ್ಣೀರಿನಲ್ಲಿ ಕರಗದೆ ತೇಲಾಡುತ್ತಿರುತ್ತವೆ. ಸೋಡಾ ದ್ರಾವಣ ಹಾಕಿದ ತಕ್ಷಣ ಪ್ರತಿ ಚೂರಿನ ಅಂಚಿನಿಂದಲೂ ಸಣ್ಣ ಗುಳ್ಳೆಗಳು ಎದ್ದು ಚೂರು ಕರಗುತ್ತಾ ಹೋಗುತ್ತದೆ. ಪಕ್ಕದ ಪ್ರನಾಳದಲ್ಲಿ ಫಿನಾಲ್. ಗಾಳಿಗೆ ಇಟ್ಟ ಹಳೇ ಫಿನಾಲ್ ತಿಳಿಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಹಳೇ ಆಸ್ಪತ್ರೆಯ ವಾಸನೆ ಬರುತ್ತದೆ. ಚರ್ಮ ಸುಡುತ್ತದೆ, ಕೈಯಲ್ಲಿ ಮುಟ್ಟಬೇಡಿ. ನೀರಿನಲ್ಲಿ ಕರಗುವುದಕ್ಕಿಂತ ಜಾಸ್ತಿ ಹಾಕಿ ಕುಲುಕಿದರೆ ನೀರು ಬೆಳ್ಳಗೆ ಮಸುಕಾಗುತ್ತದೆ. ಸೋಡಾ ಹಾಕಿ, ಮಸುಕು ಹಾಗೇ ಇರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, ಒಂದು ಕುಲುಕಿಗೆ ತಿಳಿಯಾಗುತ್ತದೆ. ಮತ್ತೆ ಎಚ್‌ಸಿಎಲ್ ಹಾಕಿದರೆ ಮಸುಕು ವಾಪಸ್ ಬರುತ್ತದೆ. ಬೆಂಜೋಯಿಕ್ ಆಮ್ಲ, ಫಿನಾಲ್, ನ್ಯಾಫ್ತಲೀನ್ ಮೂರನ್ನೂ ಈಥರ್‌ನಲ್ಲಿ ಬೆರೆಸಿ ಕೊಟ್ಟು ಬೇರೆ ಮಾಡಿ ಅಂದರೆ ಹೆದರುವವರು ಬಹಳ. ಮೊದಲು ಸೋಡಾದಿಂದ ತೊಳೆದರೆ ಬೆಂಜೋಯಿಕ್ ಆಮ್ಲ ನೀರಿಗೆ ಬರುತ್ತದೆ, ಆಮೇಲೆ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತೊಳೆದರೆ ಫಿನಾಲ್ ಬರುತ್ತದೆ, ಈಥರ್‌ನಲ್ಲಿ ಉಳಿದದ್ದು ನ್ಯಾಫ್ತಲೀನ್. ಮೂರು ಅಂಕಿ ಗೊತ್ತಿದ್ದರೆ ಮುಗಿಯಿತು.

ಆ ಅಂಕಿಗಳು ಹಾಗೇ ಯಾಕಿವೆ ಅನ್ನುವುದು ನನಗೆ ಬಲು ಇಷ್ಟದ ಭಾಗ. ಪ್ರೋಟಾನ್ ಬಿಟ್ಟುಹೋದ ಮೇಲೆ ಹಿಂದೆ ಒಂದು ಋಣ ಚಾರ್ಜ್ ಉಳಿಯುತ್ತದೆ. ಅದನ್ನು ಯಾರು ಹೊರಬೇಕು? ಅಕ್ಕಿ ಮೂಟೆ ಹೊರುವುದನ್ನು ನೆನೆಯಿರಿ. ಎಥನಾಲ್‌ನಲ್ಲಿ ಒಂದೇ ಆಕ್ಸಿಜನ್ ಇಡೀ ಮೂಟೆಯನ್ನು ಬೆನ್ನ ಮೇಲೆ ಹೊರಬೇಕು. ಅದಕ್ಕೇ ಪ್ರೋಟಾನ್ ಬಿಡಲು ಒಪ್ಪುವುದೇ ಇಲ್ಲ. ಅಸಿಟೇಟ್‌ನಲ್ಲಿ ಎರಡು ಆಕ್ಸಿಜನ್‌ಗಳು ಆಚೀಚೆ ನಿಂತು ಸಮಸಮ ಹಿಡಿಯುತ್ತವೆ. ಎಷ್ಟು ಸಮ ಅಂದರೆ ಆ ಎರಡು ಕಾರ್ಬನ್-ಆಕ್ಸಿಜನ್ ಬಂಧಗಳ ಉದ್ದವೂ ಒಂದೇ. ಫಿನಾಲ್‌ನಲ್ಲಿ ಆಕ್ಸಿಜನ್‌ಗೆ ಬೆಂಜೀನ್ ಉಂಗುರದ ಕಾರ್ಬನ್‌ಗಳು ಕೈಜೋಡಿಸುತ್ತವೆ. ಆದರೆ ಋಣ ಚಾರ್ಜ್ ಹೊರುವುದರಲ್ಲಿ ಕಾರ್ಬನ್ ಆಕ್ಸಿಜನ್‌ನಷ್ಟು ಗಟ್ಟಿಯಲ್ಲ. ಸಹಾಯ ಸಿಕ್ಕಿತು, ಅರ್ಧಂಬರ್ಧ. ಹಾಗಾಗಿ ಫಿನಾಲ್ ಇಬ್ಬರ ನಡುವೆ ನಿಂತಿದೆ. ಉಂಗುರದ ಪ್ಯಾರಾ ಜಾಗಕ್ಕೆ, ಅಂದರೆ ಓಎಚ್‌ನ ನೇರ ಎದುರಿಗೆ, ಒಂದು ನೈಟ್ರೋ ಗುಂಪು (ಒಂದು ನೈಟ್ರೋಜನ್, ಎರಡು ಆಕ್ಸಿಜನ್) ಸೇರಿಸಿ, ಅದರ ಆಕ್ಸಿಜನ್‌ಗಳೂ ಮೂಟೆಗೆ ಕೈ ಹಾಕುತ್ತವೆ, ಪಿಕೆಎ 10ರಿಂದ 7.15ಕ್ಕೆ ಇಳಿಯುತ್ತದೆ. ಅದೇ ನೈಟ್ರೋವನ್ನು ಮೆಟಾ ಜಾಗದಲ್ಲಿ, ಅಂದರೆ ಒಂದು ಕಾರ್ಬನ್ ಬಿಟ್ಟು ಆಚೆ ಇಟ್ಟರೆ ಕೈ ಎಟುಕುವುದಿಲ್ಲ, ದೂರದಿಂದ ಎಳೆಯುವುದಷ್ಟೇ. 8.4ಕ್ಕೆ ನಿಲ್ಲುತ್ತದೆ. ಮೂರು ನೈಟ್ರೋ ಸೇರಿಸಿದ ಪಿಕ್ರಿಕ್ ಆಮ್ಲದ್ದು 0.4. ಅದೂ ಒಂದು ಫಿನಾಲೇ, ಆದರೆ ಸೋಡಾ ಜೊತೆ ನೊರೆ ಎಬ್ಬಿಸುತ್ತದೆ! "ಫಿನಾಲ್‌ಗಳು ಸೋಡಾ ಜೊತೆ ವರ್ತಿಸುವುದಿಲ್ಲ" ಅಂತ ಉರು ಹೊಡೆದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನಮ್ಮ ಆರತಿ ತಟ್ಟೆಯಲ್ಲೂ ಇದೇ ನಡೆಯುತ್ತದೆ. ಅರಿಶಿನದ ಹಳದಿ ಬಣ್ಣ ಕರ್ಕ್ಯುಮಿನ್‌ನದ್ದು. ಅದರ ಎರಡೂ ತುದಿಯಲ್ಲಿ ಫಿನಾಲ್ ಮಾದರಿಯ ಓಎಚ್ ಇದೆ. ಸುಣ್ಣ ಬೆರೆಸಿದರೆ ಪ್ರೋಟಾನ್ ಕಳೆದುಕೊಂಡು ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಮುಚ್ಚಿಟ್ಟು ದುಡ್ಡು ಮಾಡುವವರು ಮಾತ್ರ ಇದ್ದಾರೆ. ನಿಂಬೆಹಣ್ಣು ಕೊಯ್ದು ಕೆಂಪು ರಸ ಸುರಿಸಿ, ಯಾರೋ ಮಾಟ ಮಾಡಿಸಿದ್ದಾರೆ ಅಂತ ಹೆದರಿಸುತ್ತಾರೆ. ಚಾಕುವಿಗೆ ಮೀಥೈಲ್ ಆರೆಂಜ್ ಸವರಿ ಒಣಗಿಸಿದ್ದರೆ ಸಾಕು. ಅದರ ಪಿಕೆಎ ಸುಮಾರು 3.5. ನಿಂಬೆರಸದ ಪಿಎಚ್ ಅದಕ್ಕಿಂತ ತುಂಬ ಕಡಿಮೆ, ಹಾಗಾಗಿ ಬಣ್ಣ ಪ್ರೋಟಾನ್ ಹಿಡಿದು ಕೆಂಪಾಗುತ್ತದೆ. ಟೈಟ್ರೇಶನ್ ಮಾಡಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೈಯಾರೆ ಹಾಕಿದ ಇಂಡಿಕೇಟರ್ ಅದು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ಇಷ್ಟು ವರ್ಷ ಕಳೆದರೂ, ವಿಜ್ಞಾನ ಓದಿದವರ ಮನೆಯಲ್ಲೇ ಈ ನಿಂಬೆಹಣ್ಣಿಗೆ ಹೆದರುವವರು ಇದ್ದಾರೆ ಅನ್ನುವುದು ನನಗೆ ನೋವಿನ ವಿಷಯ. ಮಾರ್ಕ್ಸ್‌ಗಾಗಿ ಮಾತ್ರ ಓದಿದ್ದು ಪರೀಕ್ಷಾ ಹಾಲ್‌ನಲ್ಲೇ ಉಳಿದುಬಿಡುತ್ತದೆ.

ಮತ್ತೆ ಪರೀಕ್ಷೆಗೆ ಬರೋಣ. ಎಥನಾಲ್ ಅನ್ನು ಬ್ರೋಮೋಈಥೇನ್ ಮಾಡಬೇಕು. ಸುಮ್ನೆ ಸೋಡಿಯಂ ಬ್ರೋಮೈಡ್ ಹಾಕಿದರೆ ಏನೂ ಆಗುವುದಿಲ್ಲ. ಯಾಕೆಂದರೆ ಜಾಗ ಬಿಟ್ಟು ಹೋಗಬೇಕಾದ್ದು ಹೈಡ್ರಾಕ್ಸೈಡ್. ಅದಕ್ಕೆ ಪ್ರೋಟಾನ್ ಸೇರಿದರೆ ಆಗುವ ಆಮ್ಲ ನೀರು, ಪಿಕೆಎ 14. ಚಾರ್ಜ್ ಹೊತ್ತು ಒಂಟಿಯಾಗಿ ಇರಲು ಅದಕ್ಕೆ ಇಷ್ಟವಿಲ್ಲ. ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಓಎಚ್ ಮೇಲೆ ಒಂದು ಪ್ರೋಟಾನ್ ಕೂರುತ್ತದೆ. ಈಗ ಹೊರಡುವುದು ಚಾರ್ಜ್ ಇಲ್ಲದ ನೀರು, ಆರಾಮವಾಗಿ ಹೋಗುತ್ತದೆ. ಕ್ಲೋರೈಡ್‌ಗಿಂತ ಅಯೋಡೈಡ್ ಬೇಗ ಬಿಟ್ಟುಹೋಗುವುದನ್ನೂ ಹೀಗೇ ಊಹಿಸಬಹುದು. ಅಯೋಡೈಡ್‌ನ ಆಮ್ಲವಾದ ಎಚ್‌ಐ ಪಿಕೆಎ ಎಚ್‌ಸಿಎಲ್‌ಗಿಂತಲೂ ಕೆಳಗಿದೆ. ಇನ್ನು ಗ್ರಿನ್ಯಾರ್ಡ್ ಕಾರಕಕ್ಕೆ (ಕಾರ್ಬನ್‌ಗೆ ಮೆಗ್ನೀಸಿಯಂ ಅಂಟಿದ, ಪ್ರೋಟಾನ್ ಕಳೆದುಕೊಂಡ ಮೀಥೇನ್‌ನಂತೆ ವರ್ತಿಸುವ ವಸ್ತು) ಒಣ ಈಥರ್ ಯಾಕೆ ಬೇಕು ಅನ್ನುವ ಪ್ರಶ್ನೆ ವರ್ಷ ವರ್ಷವೂ ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ನೀರು 14, ಮೀಥೇನ್ 50. ವ್ಯತ್ಯಾಸ 36. ಒಂದರ ಮುಂದೆ 36 ಸೊನ್ನೆ ಬರೆದು ನೋಡಿ. ಒಂದು ಹನಿ ನೀರು ಕಂಡರೂ ಆ ಕಾರಕ ಪ್ರೋಟಾನ್ ಕಿತ್ತುಕೊಂಡು ಆಲ್ಕೇನ್ ಆಗಿಬಿಡುತ್ತದೆ.

ಕೆಸಿಇಟಿಯಲ್ಲಿ ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ. ಉರು ಹೊಡೆದದ್ದು ಆ ಗಡಿಬಿಡಿಯಲ್ಲಿ ಕೈಕೊಡುತ್ತದೆ. ಲೆಕ್ಕ ಹಾಗೆ ಕೈಕೊಡುವುದಿಲ್ಲ. ಮೇಲೆ ಹೇಳಿದ ಅಂಕಿಗಳನ್ನು ಒಂದು ಹಾಳೆಯಲ್ಲಿ ಕೆಳಗಿನಿಂದ ಮೇಲಕ್ಕೆ ಬರೆದುಕೊಳ್ಳಿ. ಪಾಠದ ಪ್ರತಿ ಪ್ರತಿಕ್ರಿಯೆಯಲ್ಲೂ ಬಲಗಡೆಯ ಉತ್ಪನ್ನವನ್ನು ಕೈಯಿಂದ ಮುಚ್ಚಿ, ಚಾರ್ಜ್ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೀವೇ ಬರೆಯಿರಿ. ಆಮೇಲೆ ತೆಗೆದು ನೋಡಿ.

ಬಾಯಿಪಾಠ ಪೂರ್ತಿ ತಪ್ಪುವುದಿಲ್ಲ. ಹೆಸರಿಡುವ ನಿಯಮ, ಕ್ಯಾನಿಜಾರೋ, ರೈಮರ್-ಟೀಮನ್ ಥರದ ಪ್ರತಿಕ್ರಿಯೆಗಳ ಹೆಸರುಗಳು, ಯಾವುದಕ್ಕೆ ಯಾವ ಕಾರಕ ಅನ್ನುವುದು, ಇವನ್ನೆಲ್ಲ ಕೂತು ಕಲಿಯಬೇಕು. ಪಿಕೆಎಗೂ ಮಿತಿ ಇದೆ. ಪ್ರತಿಕ್ರಿಯೆ ಯಾವ ಕಡೆ ವಾಲುತ್ತದೆ ಅಂತ ಹೇಳುತ್ತದೆ, ಎಷ್ಟು ಬೇಗ ಆಗುತ್ತದೆ ಅಂತ ಹೇಳುವುದಿಲ್ಲ. ಆಲ್ಕೋಹಾಲ್‌ಗೆ ಎಚ್‌ಸಿಎಲ್ ಮತ್ತು ಜಿಂಕ್ ಕ್ಲೋರೈಡ್ ಹಾಕುವ ಲ್ಯೂಕಾಸ್ ಪರೀಕ್ಷೆಯಲ್ಲಿ ಟರ್ಷಿಯರಿ ಆಲ್ಕೋಹಾಲ್ (ಓಎಚ್ ಇರುವ ಕಾರ್ಬನ್‌ಗೆ ಬೇರೆ ಮೂರು ಕಾರ್ಬನ್ ಅಂಟಿದ್ದು; ಸೆಕೆಂಡರಿಗೆ ಎರಡು, ಪ್ರೈಮರಿಗೆ ಒಂದು) ತಕ್ಷಣ ಮಸುಕಾಗುತ್ತದೆ, ಸೆಕೆಂಡರಿಗೆ ಐದು ನಿಮಿಷ ಬೇಕು, ಪ್ರೈಮರಿ ಕೋಣೆಯ ಉಷ್ಣತೆಯಲ್ಲಿ ಮಿಸುಕುವುದಿಲ್ಲ. ಇಲ್ಲಿ ತೀರ್ಮಾನ ಮಾಡುವುದು ನಡುವೆ ಹುಟ್ಟುವ ಧನ ಚಾರ್ಜ್‌ನ ಕಾರ್ಬನ್, ಅಂದರೆ ಕಾರ್ಬೊಕ್ಯಾಟಯಾನ್. ಬೆಂಜೈಲ್ ಆಲ್ಕೋಹಾಲ್ ಪ್ರೈಮರಿ ಆದರೂ ಟರ್ಷಿಯರಿಯಂತೆ ತಕ್ಷಣ ಮಸುಕಾಗುತ್ತದೆ. ಅಲ್ಲೂ ಪ್ರಶ್ನೆ ಹಳೆಯದೇ, ಚಾರ್ಜ್ ಹೊರುವವರು ಯಾರು ಅನ್ನುವುದು. ಚಾರ್ಜ್ ಈಗ ಧನ, ಪಕ್ಕದಲ್ಲಿರುವುದು ಅದೇ ಬೆಂಜೀನ್ ಉಂಗುರ.