ಬೆಂಗಳೂರು ಸಾರಿಗೆ: ಯೋಜನೆಗಳಿಗೆ ಬರವಿಲ್ಲ, ಯಜಮಾನನೇ ಇಲ್ಲ

2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಕೆಂಗೇರಿ ಬಳಿಯ ಕೊಮ್ಮಘಟ್ಟದಲ್ಲಿ ಬೆಂಗಳೂರು ಉಪನಗರ ರೈಲು ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ನಲವತ್ತು ವರ್ಷ ಬರೀ ಚರ್ಚೆಯಲ್ಲೇ ಕಳೆದ ಕೆಲಸವನ್ನು ನಲವತ್ತು ತಿಂಗಳಲ್ಲಿ ಮುಗಿಸುತ್ತೇವೆ ಎಂದರು. ಆ ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ತುಂಬಿತು. ಒಂದು ರೈಲೂ ಓಡಲಿಲ್ಲ. ಅದೇ ವರ್ಷ, ಕಾಮಗಾರಿ ಹಿಡಿದಿದ್ದ ದೊಡ್ಡ ಕಂಪನಿ ಜಾಗವನ್ನೇ ಸರಿಯಾಗಿ ಹಸ್ತಾಂತರಿಸಿಲ್ಲವೆಂದು ಗುತ್ತಿಗೆ ಬಿಟ್ಟು ಹೊರನಡೆಯಿತು. ಒಟ್ಟು 148 ಕಿ.ಮೀ. ಉದ್ದದ ನಾಲ್ಕು ಕಾರಿಡಾರ್‌ಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರುಗಳಂತೂ ಇವೆ. ನಾಮಕರಣದಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ.

‘ನಲವತ್ತು ವರ್ಷ’ ಎಂದಿದ್ದು ಭಾಷಣದ ಉತ್ಪ್ರೇಕ್ಷೆಯಲ್ಲ. 1983ರಲ್ಲೇ ದಕ್ಷಿಣ ರೈಲ್ವೆಯ ಮಹಾನಗರ ಸಾರಿಗೆ ವಿಭಾಗ ಬೆಂಗಳೂರಿಗಾಗಿ ಒಂದು ವರದಿ ಕೊಟ್ಟಿತ್ತು. ಇರುವ ಹಳಿಗಳ ಮೇಲೆ ಕಮ್ಯೂಟರ್ ರೈಲು, ಊರೊಳಗೆ ಎರಡು ಮೆಟ್ರೊ ಮಾರ್ಗ, ಸುತ್ತಲೂ ಒಂದು ವರ್ತುಲ ರೈಲು. 1981ರ ಜನಗಣತಿಯ ಪ್ರಕಾರ ಆಗ ಬೆಂಗಳೂರಿನ ಜನಸಂಖ್ಯೆ ಸುಮಾರು 29 ಲಕ್ಷ. ವೈಟ್‌ಫೀಲ್ಡ್ ಇನ್ನೂ ಹಳ್ಳಿ. ಆಗಲೇ ಶುರು ಮಾಡಿದ್ದರೆ ಜಾಗ ಅಗ್ಗವಾಗಿ ಸಿಗುತ್ತಿತ್ತು, ಊರು ಹಳಿಯ ಗುಂಟ ಬೆಳೆಯುತ್ತಿತ್ತು. ಊರು ಬೆಳೆದದ್ದು ಹೊರವರ್ತುಲ ರಸ್ತೆಯ ಗುಂಟ.

ಹಳಿಗಳಿಗೇನೂ ಕೊರತೆ ಇರಲಿಲ್ಲ. ಮೈಸೂರು, ತುಮಕೂರು, ದೊಡ್ಡಬಳ್ಳಾಪುರ, ಹೊಸೂರು, ಬಂಗಾರಪೇಟೆ ಹೀಗೆ ನಾಲ್ಕು ದಿಕ್ಕಿಗೂ ಬೆಂಗಳೂರಿನಿಂದ ರೈಲು ದಾರಿಗಳಿವೆ. ಜನ ಸರ್ಕಾರದ ಯೋಜನೆಗೆ ಕಾಯುತ್ತಾ ಕೂರಲೂ ಇಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮಂದಿ ದಿನಬೆಳಗಾದರೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರತೊಡಗಿದರು. ತುಮಕೂರಿನ ಪ್ರಯಾಣಿಕರು ತಮ್ಮ ರೈಲಿಗೆ ಹೂವಿನ ಅಲಂಕಾರ ಮಾಡಿ ವಾರ್ಷಿಕೋತ್ಸವ ಆಚರಿಸಿದ್ದೂ ಉಂಟು. ಉಪನಗರ ರೈಲು ಎಂಬ ಹೆಸರಿಲ್ಲದೆಯೇ ಅದರ ಕೆಲಸವನ್ನು ಈ ಪ್ಯಾಸೆಂಜರ್ ರೈಲುಗಳು ಮಾಡುತ್ತಾ ಬಂದಿವೆ. ಆದರೆ ರೈಲ್ವೆಯ ಲೆಕ್ಕದಲ್ಲಿ ಮೊದಲ ಮಣೆ ದೂರದ ಎಕ್ಸ್‌ಪ್ರೆಸ್‌ಗಳಿಗೆ ಮತ್ತು ಸರಕು ಗಾಡಿಗೆ. ಮಾರತ್ತಹಳ್ಳಿಗೋ ಹೆಬ್ಬಾಳಕ್ಕೋ ಹೋಗುವವನ ಅರ್ಜೆಂಟು ಆ ಲೆಕ್ಕದಲ್ಲಿ ಬರುವುದಿಲ್ಲ. 2003ಕ್ಕೆ ಮುಂಚೆ ಬೆಂಗಳೂರಿನ ರೈಲ್ವೆ ವಿಷಯ ಚೆನ್ನೈನಲ್ಲಿ ತೀರ್ಮಾನವಾಗುತ್ತಿತ್ತು. ನೈಋತ್ಯ ರೈಲ್ವೆ ಬಂದ ಮೇಲೆ ಅದು ಹುಬ್ಬಳ್ಳಿಗೆ ವರ್ಗವಾಯಿತು.

ಇದರ ಫಲ ಏನೆಂದು ನೋಡಲು ವಿಮಾನ ನಿಲ್ದಾಣ ಸಾಕು. ದೇವನಹಳ್ಳಿಯ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಅದರ ಅಂಚಿನಲ್ಲೇ ಚಿಕ್ಕಬಳ್ಳಾಪುರದ ರೈಲು ಹಳಿ ಹಾದುಹೋಗುತ್ತದೆ. ಅಲ್ಲೊಂದು ಪುಟ್ಟ ಹಾಲ್ಟ್ ಸ್ಟೇಷನ್ ತೆರೆದದ್ದು 2021ರ ಜನವರಿಯಲ್ಲಿ. ಟಿಕೆಟ್ ಹತ್ತು-ಹದಿನೈದು ರೂಪಾಯಿ ಎಂದು ಪತ್ರಿಕೆಗಳು ಸಂಭ್ರಮದಿಂದ ಬರೆದವು. ಅಲ್ಲಿ ನಿಲ್ಲುವ ರೈಲುಗಳೇ ಬೆರಳೆಣಿಕೆಯಷ್ಟು, ಇಳಿದ ಮೇಲೆ ಟರ್ಮಿನಲ್‌ಗೆ ಹೋಗಲು ಮತ್ತೊಂದು ಬಸ್ಸು. ನಿಲ್ದಾಣ ಕಟ್ಟಿದರೆ ಸಾಲದು, ವಿಮಾನದ ವೇಳೆಗೆ ರೈಲು ಬರಬೇಕು, ರೈಲಿನ ವೇಳೆಗೆ ಬಸ್ಸು ಬರಬೇಕು. ಮೂರನ್ನೂ ಹೊಂದಿಸುವ ಹೊಣೆ ಯಾರ ಮೇಜಿನ ಮೇಲೂ ಇರಲಿಲ್ಲ.

ಮೆಟ್ರೊದ ಹಿನ್ನೆಲೆಯೂ ಚಿಕ್ಕದಲ್ಲ. ತೊಂಬತ್ತರ ದಶಕದಲ್ಲಿ ಖಾಸಗಿಯವರ ಜತೆ ಸೇರಿ ಲಘು ರೈಲು ಕಟ್ಟುವ ಯೋಜನೆ ಬಂತು, ಕಡತದಲ್ಲೇ ಉಳಿಯಿತು. 2003ರಲ್ಲಿ ದೆಹಲಿ ಮೆಟ್ರೊ ನಿಗಮ ಯೋಜನಾ ವರದಿ ಕೊಟ್ಟಿತು, 2006ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು, 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ರೈಲು ಓಡಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದಾಗ ಜಾಲದ ಉದ್ದ 96 ಕಿ.ಮೀ. ಆಯಿತು, ದಿನದ ಪ್ರಯಾಣಿಕರು ಹತ್ತು ಲಕ್ಷ ದಾಟಿದರು. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತ್ತು. ಮೂವರು ಸೇರಿದರೆ ಆಟೊ ಅಗ್ಗ ಎಂದು ಜನ ಬೆರಳು ಮಡಿಚಿ ಲೆಕ್ಕ ಹಾಕುವಂತಾಯಿತು.

ಈ ಗದ್ದಲದಲ್ಲಿ ಮರೆತುಹೋದದ್ದು ಬಸ್ಸು. ಹಳೇ ಬಿಟಿಎಸ್ಸನ್ನು ‘ಬಿಟ್ರೆ ತಿರ್ಗಾ ಸಿಗೋಲ್ಲ’ ಎಂದು ಛೇಡಿಸುತ್ತಲೇ ಊರು ಅದರಲ್ಲೇ ಓಡಾಡಿತು. 1997ರಲ್ಲಿ ಅದು ಬಿಎಂಟಿಸಿ ಆಯಿತು. ಮುಂದೆ ನಗರ ಸಾರಿಗೆಗೆ ವೋಲ್ವೊ ತಂದು ಇಡೀ ದೇಶಕ್ಕೇ ಮಾದರಿಯಾಯಿತು. ಎಲ್ಲ ಬಸ್ಸೂ ಮೆಜೆಸ್ಟಿಕ್‌ಗೇ ಬಂದು ಮೆಜೆಸ್ಟಿಕ್‌ನಿಂದಲೇ ಹೊರಡುವ ಹಳೇ ಪದ್ಧತಿ ಮುರಿಯಲು ‘ಬಿಗ್ 10’ ಎಂಬ ಮುಖ್ಯರಸ್ತೆಗಳ ಮಾರ್ಗಗಳನ್ನೂ ರಿಂಗ್ ರೋಡ್ ಸುತ್ತುವ ಬಸ್ಸುಗಳನ್ನೂ ಬಿಟ್ಟಿತು. ಕೇಂದ್ರದ ನಗರ ನವೀಕರಣದ ನರ್ಮ್ ಯೋಜನೆಯ ದುಡ್ಡಿನಲ್ಲಿ ಶಾಂತಿನಗರ, ಕೋರಮಂಗಲ, ಜಯನಗರ, ವಿಜಯನಗರ ಮುಂತಾದ ಕಡೆ ಟಿಟಿಎಂಸಿ ಎಂಬ ಬಸ್ ನಿಲ್ದಾಣದ ಕಟ್ಟಡಗಳೆದ್ದವು. ಕೆಳಗೆ ಬಸ್ಸು, ಮೇಲೆ ಬಾಡಿಗೆಗೆ ಅಂಗಡಿ-ಕಚೇರಿ, ಜತೆಗೆ ಕಾರು ನಿಲ್ಲಿಸಲು ಜಾಗ. ಬಸ್ ನಿಲ್ದಾಣಕ್ಕೆ ಕಾರಿನಲ್ಲಿ ಬರುವವರು ಯಾರೆಂದು ನನಗೆ ಈವರೆಗೂ ಅರ್ಥವಾಗಿಲ್ಲ.

ಇಂದೂ ಬಿಎಂಟಿಸಿಯ ಸುಮಾರು 7,000 ಬಸ್ಸುಗಳು ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸುತ್ತವೆ. ಅಂದರೆ ಮೆಟ್ರೊದ ನಾಲ್ಕು ಪಟ್ಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಟಿಕೆಟ್ ದುಡ್ಡಿಗೆ ಹೆದರಿ ಮನೆಯಲ್ಲಿದ್ದ ಎಷ್ಟೋ ಹೆಂಗಸರು ಹೊರಗೆ ಬಂದರು. ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವವರ ಕೈಯಲ್ಲಿ ತಿಂಗಳಿಗೆ ನಾಲ್ಕು ಕಾಸು ಉಳಿಯಿತು. ಬಸ್ಸು ಸಾಕಷ್ಟು ಹೆಚ್ಚಲಿಲ್ಲ ಎಂಬ ದೂರು ನ್ಯಾಯವೇ. ಆದರೆ ಹೆಚ್ಚಿಸಿದರೂ ಅವು ಸಿಕ್ಕಿಕೊಳ್ಳುವುದು ಕಾರುಗಳ ನಡುವೆಯೇ.

ಹಾಗೆ ಸಿಕ್ಕಿಕೊಳ್ಳದಂತೆ ಮಾಡುವ ಉಪಾಯವನ್ನು ಈ ಊರು ಒಮ್ಮೆ ಪ್ರಯೋಗಿಸಿ ನೋಡಿತ್ತು. 2019ರ ಅಕ್ಟೋಬರ್‌ನಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್ - ಕೆ.ಆರ್. ಪುರ ಭಾಗದಲ್ಲಿ ಕಂಬ ನೆಟ್ಟು ಬಸ್ಸಿಗೇ ಒಂದು ಪಥ ಬಿಟ್ಟುಕೊಟ್ಟರು. ಸುರಂಗ ಕೊರೆಯಬೇಕಿರಲಿಲ್ಲ, ಭೂಸ್ವಾಧೀನ ಬೇಕಿರಲಿಲ್ಲ, ವಿದೇಶಿ ಸಾಲವೂ ಬೇಡ. ಬಸ್ಸುಗಳು ನಿಜಕ್ಕೂ ಬೇಗ ತಲುಪತೊಡಗಿದವು. ಐದೇ ತಿಂಗಳಲ್ಲಿ ಕೋವಿಡ್ ಬಂತು, ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೊ ನೀಲಿ ಮಾರ್ಗದ ಕೆಲಸ ಶುರುವಾಯಿತು. ಕಂಬಗಳು ಮುರಿದವು, ಪಥ ಮಾಯವಾಯಿತು. ಒಂದು ಸಾರ್ವಜನಿಕ ಸಾರಿಗೆ ಇನ್ನೊಂದನ್ನು ನುಂಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಯಾಕೆ ಹೀಗೆ? ಬಿಎಂಟಿಸಿ ರಾಜ್ಯದ ಸಾರಿಗೆ ಇಲಾಖೆಯದು. ಮೆಟ್ರೊ ನಿಗಮದಲ್ಲಿ ಕೇಂದ್ರ-ರಾಜ್ಯಗಳಿಗೆ ಸಮಪಾಲು. ಉಪನಗರ ರೈಲು ಕಟ್ಟುವ ಕೆ-ರೈಡ್‌ನಲ್ಲಿ ರಾಜ್ಯ ಮತ್ತು ರೈಲ್ವೆ ಸಚಿವಾಲಯ ಜಂಟಿ. ರಸ್ತೆ ಪಾಲಿಕೆಗಳದು, ಸಿಗ್ನಲ್ ಪೊಲೀಸರದು. ಎಲ್ಲರನ್ನೂ ಒಂದೇ ಸೂರಿನಡಿ ತರಲು 2007ರಲ್ಲೇ ಸರ್ಕಾರಿ ಆದೇಶದ ಮೂಲಕ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ರಚನೆಯಾಯಿತು. ಹಲ್ಲಿಲ್ಲದ ಸಮಿತಿ, ಸಭೆ ಸೇರಿತು, ಚದುರಿತು. ಅದಕ್ಕೆ ಕಾನೂನಿನ ಬಲ ಕೊಡುವ ಮಸೂದೆಯನ್ನು ವಿಧಾನಮಂಡಲ ಒಪ್ಪಿದ್ದು 2022ರಲ್ಲಿ, ಹದಿನೈದು ವರ್ಷ ತಡವಾಗಿ. ಇತ್ತ ಚೆನ್ನೈ 2025ರ ಸೆಪ್ಟೆಂಬರ್‌ನಲ್ಲಿ ಬಸ್ಸು, ಮೆಟ್ರೊ, ಲೋಕಲ್ ರೈಲು ಮೂರಕ್ಕೂ ಒಂದೇ ಆ್ಯಪ್‌ನಲ್ಲಿ ಟಿಕೆಟ್ ಕೊಡತೊಡಗಿತು.

ಈಗ ಬೆಂಗಳೂರಿನ ಮುಂದೆ ಹೊಸದಾಗಿ ಬಂದು ನಿಂತಿರುವುದು ಹೆಬ್ಬಾಳ - ಸಿಲ್ಕ್ ಬೋರ್ಡ್ ಸುರಂಗ ರಸ್ತೆ. ಸುಮಾರು 17 ಕಿ.ಮೀ.ಗೆ 17,000 ಕೋಟಿ ರೂಪಾಯಿಗೂ ಹೆಚ್ಚಿನ ಅಂದಾಜು, ಅದೂ ಮುಖ್ಯವಾಗಿ ಕಾರುಗಳಿಗೆ. 148 ಕಿ.ಮೀ. ಉಪನಗರ ರೈಲಿಗೆ ಕೇಂದ್ರ ಸಂಪುಟ 2020ರಲ್ಲಿ ಒಪ್ಪಿದ ಮೊತ್ತ 15,767 ಕೋಟಿ. ವರ್ಷಗಳ ಬೆಲೆಯೇರಿಕೆ ಸೇರಿಸಿ ನೋಡಿದರೂ ಎರಡರ ನಡುವಿನ ಅಂತರ ಕಣ್ಣಿಗೆ ಹೊಡೆಯುತ್ತದೆ. 2016ರಲ್ಲಿ ಉಪನಗರ ರೈಲಿಗಾಗಿ ‘ಚುಕು ಬುಕು ಬೇಕು’ ಎಂದು ಬೀದಿಗಿಳಿದ ಬೆಂಗಳೂರಿಗರೇ ಅದೇ ವರ್ಷ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆ ಬೇಡವೆಂದು ಸಾಲಾಗಿ ಕೈ ಹಿಡಿದು ನಿಂತಿದ್ದರು. 2017ರಲ್ಲಿ ಸರ್ಕಾರ ಸೇತುವೆಯನ್ನು ಕೈಬಿಟ್ಟಿತು.

ಭೂಸಾರಿಗೆ ಪ್ರಾಧಿಕಾರಕ್ಕೆ ನಿಜವಾಗಿ ಬಲ ಬಂದಿದೆಯೇ ಎಂಬುದಕ್ಕೆ ಮೊದಲ ಪರೀಕ್ಷೆ ಹೊರವರ್ತುಲ ರಸ್ತೆಯಲ್ಲೇ ನಡೆಯಲಿದೆ. ನೀಲಿ ಮಾರ್ಗದ ಕೆಲಸ ಮುಗಿದು ತಗಡಿನ ತಡೆಗೋಡೆಗಳು ಹೋದ ಮೇಲೆ ಅಲ್ಲಿ ಬಿಡುವಾಗುವ ಜಾಗವನ್ನು ಬಸ್ಸಿಗೆ ವಾಪಸ್ ಕೊಡಬೇಕೋ ಕಾರುಗಳಿಗೆ ಬಿಡಬೇಕೋ ಎಂದು ಪಾಲಿಕೆ, ಪೊಲೀಸ್, ಬಿಎಂಟಿಸಿ, ಮೆಟ್ರೊ ನಾಲ್ವರನ್ನೂ ಕೂರಿಸಿ ಯಾರಾದರೂ ಬರೆದುಕೊಡಬೇಕು. ಅದಕ್ಕೆ ಬೇಕಾದದ್ದು ಒಂದು ಸಹಿ, ಒಂದಷ್ಟು ಕಂಬ, ಮತ್ತು ಅವನ್ನು ಕಾಯುವ ಪೊಲೀಸರು.