ಫ್ಲೋಟ್ ಹೈಟ್ ಜಾಸ್ತಿ ಆದ್ರೆ ಪೆಟ್ರೋಲ್ ಲೆವೆಲ್ ಕಮ್ಮಿ ಆಗುವುದು ಯಾಕೆ? ಹಳೆ ಬುಲೆಟ್ ಕಾರ್ಬ್ ನೋಟ್ಸ್

ಮಿಕ್‌ಕಾರ್ಬ್ ಎಂಬ ಕಾರ್ಬ್ (ಕಾರ್ಬುರೇಟರ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಭಾಗ) ಇರುವ ಹಳೆ ಬುಲೆಟ್ ಬೈಕ್ ಬಿಚ್ಚಿ ಕೂತವರಿಗೆ ಇದು. ಯೆಜ್ಡಿ, ಆರ್‌ಎಕ್ಸ್‌ನವರಿಗೂ ಲೆಕ್ಕ ಇದೇ, ಅಳತೆ ಮಾತ್ರ ಬೇರೆ. ಕಾರ್ಬ್ ಕಳಚುವುದು, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಊದುವುದು ಎಲ್ಲ ಬರೆಯುವುದಿಲ್ಲ, ಅದು ಎಲ್ಲರಿಗೂ ಬರ್ತದೆ.

ಬೌಲಿಗೆ (ಕಾರ್ಬಿನ ತಳದ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ಬರ್ತಾ ಇದ್ದ ಹಾಗೆ ಫ್ಲೋಟ್ (ಒಳಗೆ ತೇಲುವ ಬುರುಡೆ) ಮೇಲೆ ಏಳ್ತದೆ, ಅದರ ಸಣ್ಣ ನಾಲಿಗೆ ನೀಡಲನ್ನು (ಮೊನೆ ಇರುವ ಬಿರಡೆ) ಸೀಟಿಗೆ (ಪೆಟ್ರೋಲ್ ಒಳಗೆ ಬರುವ ತೂತು) ಒತ್ತುತ್ತದೆ, ಪೆಟ್ರೋಲ್ ಬಂದ್. ಇಷ್ಟೇ. ಲೆವೆಲ್ ಜಾಸ್ತಿ ಇದ್ರೆ ಓವರ್‌ಫ್ಲೋ ಪೈಪಿನಲ್ಲಿ ತೊಟ್ಟಿಕ್ಕುತ್ತದೆ, ಪ್ಲಗ್ ಕಪ್ಪು, ಮೈಲೇಜ್ ಇಲ್ಲ, ಇನ್ನೂ ಹೋದ್ರೆ ಪೆಟ್ರೋಲ್ ಸಿಲಿಂಡರ್ ಮೂಲಕ ಇಳಿದು ಇಂಜಿನ್ ಆಯಿಲ್ ಹಾಳು (ಡಿಪ್‌ಸ್ಟಿಕ್ ಮೂಸಿ ನೋಡಿ, ಗೊತ್ತಾಗ್ತದೆ). ಕಮ್ಮಿ ಇದ್ರೆ ಊರೊಳಗೆ ಏನೂ ತಿಳಿಯುವುದಿಲ್ಲ, ಆಗುಂಬೆ ಘಾಟಿ ಹತ್ತುವಾಗ ಫುಲ್ ಥ್ರಾಟಲ್ ಕೊಟ್ರೆ ಗಾಡಿ ಉಸಿರು ಬಿಡ್ತದೆ. ಆದ್ರೆ ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ಫಿಲ್ಟರ್ ಕಟ್ಟಿದ್ರೂ, ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿದ್ರೂ ಇದೇ ಲಕ್ಷಣ, ಮೊದಲು ಅದನ್ನು ನೋಡಿ, ಆಮೇಲೆ ಫ್ಲೋಟಿಗೆ ಕೈ ಹಾಕಿ.

ಈಗ ತಲೆ ತಿನ್ನುವ ವಿಷಯ. ಮ್ಯಾನ್ಯುವಲ್ ಹೇಳ್ತದೆ, ಕಾರ್ಬ್ ಉಲ್ಟಾ ಹಿಡಿದು ಗ್ಯಾಸ್ಕೆಟ್ (ಬೌಲಿನ ಸಂದಿ ಮುಚ್ಚುವ ಪಟ್ಟಿ) ಕೂರುವ ಮುಖದಿಂದ ಫ್ಲೋಟಿನ ತುದಿಗೆ ಅಳತೆ ತಗೊಳ್ಳಿ ಅಂತ. ಆ ಅಳತೆ ಜಾಸ್ತಿ ಮಾಡಿದ್ರೆ ಪೆಟ್ರೋಲ್ ಲೆವೆಲ್ ಕಮ್ಮಿ ಆಗ್ತದೆ! ಕೇಳಿದವರೆಲ್ಲ "ಹೈಟ್ ಹೆಚ್ಚಿದ್ರೆ ಲೆವೆಲ್ ಹೆಚ್ಚು ಅಲ್ವಾ ಮಾರಾಯ" ಅಂತಾರೆ. ಅಲ್ಲ. ಕಾರ್ಬ್ ತಲೆಕೆಳಗಾಗಿ ಉಂಟು, ಹಾಗಾಗಿ ನೀವು ಎತ್ತರ ಅಂತ ಅಳೆಯುವುದು ನಿಜವಾಗಿ ಆಳ. ಬಾವಿ ಲೆಕ್ಕ ಹಾಕಿ: ಕಟ್ಟೆಯಿಂದ ನೀರಿಗೆ ಹಗ್ಗ ಎಷ್ಟು ಬೇಕು? ಮೇ ತಿಂಗಳಲ್ಲಿ ಹಗ್ಗ ಉದ್ದ ಬೇಕು, ಅಂದ್ರೆ ನೀರು ಕೆಳಗೆ. ಗ್ಯಾಸ್ಕೆಟ್ ಮುಖವೇ ಕಟ್ಟೆ, ಮಿಲಿಮೀಟರ್ ಅಳತೆಯೇ ಹಗ್ಗ. ಅಳತೆ ಜಾಸ್ತಿ ಅಂದ್ರೆ ಫ್ಲೋಟ್ ಇನ್ನೂ ಕೆಳಗಿರುವಾಗಲೇ ನೀಡಲ್ ಮುಚ್ಚಿತು, ಪೆಟ್ರೋಲ್ ಅಲ್ಲಿಗೇ ನಿಂತಿತು, ಮಿಕ್ಸ್ಚರ್ ಲೀನ್ (ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಮ್ಮಿ). ಅಳತೆ ಕಮ್ಮಿ ಅಂದ್ರೆ ತಡವಾಗಿ ಮುಚ್ಚಿತು, ಲೆವೆಲ್ ಮೇಲೆ, ರಿಚ್ (ಪೆಟ್ರೋಲ್ ಜಾಸ್ತಿ). ನಾಲಿಗೆಯನ್ನು ನೀಡಲ್ ಕಡೆಗೆ ಬಗ್ಗಿಸಿದ್ರೆ ಅಳತೆ ಹೆಚ್ಚಾಗ್ತದೆ, ಲೆವೆಲ್ ಇಳೀತದೆ. ಆಚೆ ಬಗ್ಗಿಸಿದ್ರೆ ಲೆವೆಲ್ ಏರ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸಿನ ಮುಚ್ಚಳಕ್ಕೆ ಅಂಟಿಸಿ, ಪ್ರತಿ ಸಲ ಯೋಚನೆ ಮಾಡ್ತಾ ಕೂರುವುದು ಬೇಡ.

ಇದರಲ್ಲೇ ಇನ್ನೊಂದು ಉಂಟು. ನೀಡಲಿನ ಹಿಂಬದಿ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇದ್ರೆ, ಪೂರ್ತಿ ಉಲ್ಟಾ ಹಿಡಿದಾಗ ಫ್ಲೋಟಿನ ಭಾರಕ್ಕೆ ಆ ಪಿನ್ ಒಳಗೆ ಹೋಗ್ತದೆ, ಅಳತೆ ಸುಳ್ಳಾಗ್ತದೆ. ಅದಕ್ಕೆ ಕಾರ್ಬನ್ನು ಓರೆ ಹಿಡಿದು, ನಾಲಿಗೆ ಪಿನ್ನಿಗೆ ಸುಮ್ನೆ ತಾಗಿದ ಜಾಗದಲ್ಲೇ ಅಳತೆ ತಗೊಳ್ಬೇಕು. ಬಗ್ಗಿಸುವಾಗ ಫ್ಲೋಟನ್ನು ನೀಡಲಿನ ಮೇಲೆ ಒತ್ತಿ ಹಿಡಿಯಬೇಡಿ, ತುದಿ ಹಾಳಾಗ್ತದೆ. ಕೆಲವು ಪ್ಲಾಸ್ಟಿಕ್ ಫ್ಲೋಟಿಗೆ ಬಗ್ಗಿಸ್ಲಿಕ್ಕೆ ನಾಲಿಗೆಯೇ ಇರುವುದಿಲ್ಲ. ಅಂಥದ್ದರಲ್ಲಿ ಸೀಟ್ ಥ್ರೆಡ್ಡಿನದ್ದಾದ್ರೆ ಅದರ ವಾಷರ್ ದಪ್ಪ ಹಾಕಿದ್ರೆ ಲೆವೆಲ್ ಇಳೀತದೆ.

ನನ್ನ ಪ್ರಕಾರ ಸ್ಕೇಲ್ ಹಿಡಿಯುವುದಕ್ಕಿಂತ ಪಾರದರ್ಶಕ ಪೈಪಿನ ವಿಧಾನವೇ ವಾಸಿ. ಬೌಲಿನ ಡ್ರೈನಿಗೆ ಪೈಪ್ ಸಿಕ್ಕಿಸಿ, ಕಾರ್ಬಿನ ಪಕ್ಕ ನೇರ ಮೇಲಕ್ಕೆ ಹಿಡಿದು, ಕಾಕ್ ತೆರೆಯಿರಿ. ಪೈಪಿನಲ್ಲಿ ಎಲ್ಲಿ ನಿಂತಿತೋ ಅದೇ ಒಳಗಿನ ಲೆವೆಲ್. ಫ್ಲೋಟ್, ನೀಡಲ್, ಸೀಟ್ ಮೂರರದ್ದೂ ಒಟ್ಟು ಫಲಿತಾಂಶ ಇದರಲ್ಲಿ ಕಾಣ್ತದೆ. ಲೆವೆಲ್ ನಿಲ್ಲದೆ ನಿಧಾನ ಏರ್ತಾ ಇದ್ರೆ ಸಾಮಾನ್ಯವಾಗಿ ಸೀಟ್ ಲೀಕ್ ಅಂತ ಅರ್ಥ, ನೀಡಲಿನ ಮೂತಿಯಲ್ಲಿ ಬಳೆಯ ಹಾಗೆ ಗೆರೆ ಬಿದ್ದಿದ್ಯಾ ನೋಡಿ, ಬಿದ್ದಿದ್ರೆ ಉಜ್ಜಬೇಡಿ, ಬದಲಾಯಿಸಿ. ಗಾಡಿ ಸಮ ಜಾಗದಲ್ಲಿ ಸೆಂಟರ್ ಸ್ಟ್ಯಾಂಡಿನಲ್ಲೇ ಇರಬೇಕು. ಮಂಗಳೂರಿನ ಕದ್ರಿ, ಬಿಜೈ ಕಡೆಯ ಏರು ರಸ್ತೆಯಲ್ಲಿ ಮನೆ ಇದ್ದವರು ಅಂಗಳದಲ್ಲೇ ಮಾಡಿ.

ಹಿತ್ತಾಳೆ ಫ್ಲೋಟ್ ಆದ್ರೆ ಕಿವಿ ಹತ್ರ ಅಲ್ಲಾಡಿಸಿ. ಒಳಗೆ ಕುಲುಕಿದ್ರೆ ತೂತಾಗಿದೆ. ಎಲ್ಲಿ ಅಂತ ಹುಡುಕ್ಲಿಕ್ಕೆ ಬಿಸಿನೀರು ಹೊರಗೆ ತಂದು, ಹತ್ರ ಬೆಂಕಿ ಏನೂ ಇಲ್ಲದೆ, ಅದರಲ್ಲಿ ಮುಳುಗಿಸಿದ್ರೆ ಗುಳ್ಳೆ ಬರ್ತದೆ. ಒಳಗೆ ಪೆಟ್ರೋಲ್ ಇರುವಾಗ ಬೆಸುಗೆ ಹಾಕುವುದು ಅಂದ್ರೆ ಸ್ಫೋಟಕ್ಕೆ ಆಹ್ವಾನ. ಪೂರ್ತಿ ಖಾಲಿ ಮಾಡಿ, ಚೆನ್ನಾಗಿ ಗಾಳಿಯಾಡಿಸಿ, ಒಂದು ಸಣ್ಣ ತೂತು ಗಾಳಿ ಹೋಗ್ಲಿಕ್ಕೆ ಬಿಟ್ಟು, ಅದನ್ನು ಕೊನೆಗೆ ಮುಚ್ಚಬೇಕು, ಇಲ್ಲದಿದ್ರೆ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಸೀಸವನ್ನೇ ಹೊರಗೆ ಉಗಿಯುತ್ತದೆ. ಸೀಸ ಕಮ್ಮಿ ಹಾಕಿ. ಭಾರವಾದ ಫ್ಲೋಟ್ ಹೆಚ್ಚು ಮುಳುಗ್ತದೆ, ತಡವಾಗಿ ಮುಚ್ತದೆ, ಲೆವೆಲ್ ಏರ್ತದೆ. ಹೊಸ ಫ್ಲೋಟ್ ಹಾಕಿದ್ರೂ ಹಾಗೇ, ತೂಕ ಹಳೆಯದ್ದೇ ಇರ್ತದೆ ಅಂತ ನಂಬಬೇಡಿ, ಲೆವೆಲ್ ಮತ್ತೆ ನೋಡ್ಲೇಬೇಕು.

ಅಪ್‌ಗ್ರೇಡ್ ಅಂದ್ರೆ ನಾನು ದುಡ್ಡು ಹಾಕುವುದು ವಿಟಾನ್ (ಪೆಟ್ರೋಲಿಗೆ ತಡೆಯುವ ಸಿಂಥೆಟಿಕ್ ರಬ್ಬರ್) ತುದಿಯ ನೀಡಲಿಗೆ. 2023ರಿಂದ ಪಂಪಿಗೆ ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಹಳೆ ರಬ್ಬರ್ ತುದಿ, ಓ ರಿಂಗ್ ಊದಿಕೊಳ್ಳುವ ಅಪಾಯ ಹೆಚ್ಚು. ಇ20ಗೆ ಗಾಡಿ ಲೀನ್ ಆಗ್ತದೆ, ಯಾಕಂದ್ರೆ ಬರೀ ಪೆಟ್ರೋಲಿಗೆ ಗಾಳಿ 14.7 ಪಾಲು ಬೇಕು, ಎಥನಾಲಿಗೆ ಸುಮಾರು 9 ಪಾಲು ಸಾಕು. ಅದನ್ನು ಸರಿ ಮಾಡ್ಲಿಕ್ಕೆ ಕೆಲವರು ಫ್ಲೋಟ್ ಲೆವೆಲ್ ಏರಿಸ್ತಾರೆ. ಬೇಡ. ಲೆವೆಲ್ ಮ್ಯಾನ್ಯುವಲ್‌ನಲ್ಲಿ ಇದ್ದಷ್ಟೇ ಇರಲಿ, ಜೆಟ್ ನೀಡಲಿನ (ಥ್ರಾಟಲ್ ಜೊತೆ ಏರಿಳಿಯುವುದು, ಫ್ಲೋಟಿನ ನೀಡಲ್ ಅಲ್ಲ) ಕ್ಲಿಪ್ ಜಾಗ ಅಥವಾ ಮೇನ್ ಜೆಟ್ ಬದಲಾಯಿಸಿ.

ಮತ್ತೆ ಮಳೆಗಾಲ. ಎಥನಾಲ್ ನೀರು ಎಳ್ಕೊಳ್ತದೆ, ನಮ್ಮ ಕರಾವಳಿ ಗಾಳಿಯಲ್ಲಿ ಅದಕ್ಕೆ ನೀರಿಗೆ ಕೊರತೆಯೇ ಇಲ್ಲ. ಜೂನಿನಿಂದ ಗಾಡಿ ನಿಲ್ಲಿಸುವವರು ಕಾಕ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದ್ರೆ ಸಾಲದು, ಜೆಟ್ಟಿಗೆ ಎಟುಕದ ಸ್ವಲ್ಪ ತಳದಲ್ಲಿ ಉಳೀತದೆ, ಬಿಳಿ ಪುಡಿ ಕಟ್ಟುವುದು ಅಲ್ಲೇ. ಡ್ರೈನ್ ಸ್ಕ್ರೂ ಬಿಚ್ಚಿ ಅದನ್ನೂ ತೆಗೀರಿ.